‘ಉದ್ರೇಕಶೀಲತೆ’ಗೆ ಬದಲಾಗಿ ‘ಕೆರಳುಗುಣ’ ಆಗಬಹುದೇ?

ಎಲ್ಲರಿಗೂ ನಮಸ್ಕಾರ.

ನಡೆಯುವಾಗ ಬೆನ್ನುಹುರಿಯ ಮೋಟಾರ್ ನ್ಯೂರಾನ್‌ಗಳು, ಅಂದರೆ ಸ್ನಾಯುಗಳಿಗೆ ಅಪ್ಪಣೆ ಕಳಿಸುವ ನರಕೋಶಗಳು, ಹೇಗೆ ಬದಲಾಗುತ್ತವೆ ಎಂಬುದರ ಬಗ್ಗೆ ಬರೆಯುತ್ತಿದ್ದೇನೆ. ‘ಎಕ್ಸೈಟಬಿಲಿಟಿ’ಗೆ ಒಂದು ಪದ ಬೇಕಾಗಿದೆ. ‘ಉದ್ರೇಕಶೀಲತೆ’ ಎನ್ನಬಹುದು, ಆದರೆ ‘ಉದ್ರೇಕ’ ಎಂದ ಕೂಡಲೇ ಓದುಗರ ಮನಸ್ಸು ಬೇರೆಲ್ಲಿಗೋ ಹೋಗುತ್ತೆ, ಅಲ್ವಾ? ‘ಪ್ರಚೋದನೆ’ಯಂತೂ ಬೇಡ. ಅದು ಹೊರಗಿನಿಂದ ಬರುವಂಥದ್ದು. ನನಗೆ ಬೇಕಿರುವುದು ಕೋಶ ಎಷ್ಟು ಸುಲಭವಾಗಿ ಸಿಡಿಯುತ್ತದೆ (ಅಂದರೆ ವಿದ್ಯುತ್ ಸಂಕೇತ ಹೊರಡಿಸುತ್ತದೆ) ಎಂದು ಹೇಳುವ ಪದ.

ಸುಮ್ಮನಿದ್ದಾಗ ಈ ಕೋಶದ ಒಳಗಿನ ವೋಲ್ಟೇಜ್ ಸುಮಾರು ಮೈನಸ್ 70 ಮಿಲಿವೋಲ್ಟ್. ಅದು ಏರಿ ಒಂದು ಮಟ್ಟ ಮುಟ್ಟಿದರೆ ಕೋಶ ಸಿಡಿಯುತ್ತದೆ, ಸ್ನಾಯುವಿಗೆ ಅಪ್ಪಣೆ ಹೋಗುತ್ತದೆ. ಸ್ನಾಯುಗಳು ಅಲುಗದಂತೆ ಮಾಡಿ, ಬೆನ್ನುಹುರಿಯಲ್ಲಿ ನಡಿಗೆಯ ಲಯವನ್ನಷ್ಟೇ ಎಬ್ಬಿಸಿ ಬೆಕ್ಕುಗಳಲ್ಲಿ ಅಳೆದು ನೋಡಿದ್ದಾರೆ. ಆಗ ಆ ಮಟ್ಟವೇ ಕೆಲವು ಮಿಲಿವೋಲ್ಟ್ ಕೆಳಕ್ಕೆ ಸರಿದಿರುತ್ತದೆ. ಪ್ರತಿ ಸಿಡಿತದ ನಂತರ ವೋಲ್ಟೇಜ್ ಕುಸಿಯುತ್ತದಲ್ಲ, ಆ ಕುಸಿತವೂ ಕಡಿಮೆ. ಅಂದರೆ ಬರುವ ಸಂಕೇತ ಅಷ್ಟೇ ಇದ್ದರೂ ಸಿಡಿತ ಜಾಸ್ತಿ. ಮಿದುಳುಕಾಂಡದಿಂದ ಇಳಿದು ಬರುವ ನರಗಳು ಬಿಡುವ ಸೆರೊಟೋನಿನ್‌ನಂಥ ರಾಸಾಯನಿಕಗಳೂ ಕೋಶವನ್ನು ಹೀಗೆ ಹದಗೊಳಿಸಬಲ್ಲವು.

ಈ ಮಟ್ಟಕ್ಕೆ ‘ಹೊಸ್ತಿಲು’ ಎಂದು ಬರೆದಿದ್ದೇನೆ. ‘ಹೊಸ್ತಿಲು ದಾಟಿತು’ ಸಲೀಸು. ‘ಹೊಸ್ತಿಲು ಇಳಿಯಿತು’ ಎಂದರೆ ಯಾರೋ ಮನೆಯಿಂದ ಹೊರಗೆ ಹೋದ ಹಾಗಿದೆ! ‘ಹೊಸ್ತಿಲು ತಗ್ಗಿತು’ ಎಂದರೆ ಸರಿಯೇ?

ಇನ್ನೊಂದು ತೊಡಕಿದೆ. ನಿಂತಾಗಿನದಕ್ಕೆ ಹೋಲಿಸಿದರೆ ನಡೆಯುವಾಗ ಮೀನಖಂಡದ ಸೋಲಿಯಸ್ ಸ್ನಾಯುವಿನ ಎಚ್-ರಿಫ್ಲೆಕ್ಸ್ (ನರಕ್ಕೆ ವಿದ್ಯುತ್ ಕೊಟ್ಟಾಗ ಬೆನ್ನುಹುರಿಯ ಮೂಲಕ ಸ್ನಾಯುವಿನಲ್ಲಿ ಮೂಡುವ ಪ್ರತಿಕ್ರಿಯೆ) ಕುಗ್ಗುತ್ತದೆ, ಸ್ನಾಯುವಿನ ಚಟುವಟಿಕೆ ಎರಡರಲ್ಲೂ ಒಂದೇ ಇದ್ದಾಗಲೂ. ಇದನ್ನು ನೋಡಿ ‘ಎಕ್ಸೈಟಬಿಲಿಟಿ ಕಡಿಮೆಯಾಯಿತು’ ಎಂದು ಬರೆಯುವವರಿದ್ದಾರೆ. ನನಗದು ಒಪ್ಪಿಗೆಯಿಲ್ಲ. ಇಲ್ಲಿ ತಡೆ ಬೀಳುವುದು ಹೆಚ್ಚಾಗಿ ಕೋಶಕ್ಕಲ್ಲ, ಅದಕ್ಕೆ ಸುದ್ದಿ ತರುವ ನರದ ತುದಿಗೆ. ಹಾಗಾಗಿ ನಾನು ಹುಡುಕುತ್ತಿರುವ ಪದ ಕೋಶದ ಗುಣಕ್ಕಷ್ಟೇ ಅಂಟಿಕೊಂಡಿರಬೇಕು. ಇಡೀ ರಿಫ್ಲೆಕ್ಸ್ ದಾರಿಗೆ ಹಬ್ಬಬಾರದು.

ಸದ್ಯಕ್ಕೆ ‘ಕೆರಳುಗುಣ’ ಎಂದು ಇಟ್ಟುಕೊಂಡಿದ್ದೇನೆ. ‘ನಡಿಗೆ ಶುರುವಾದಾಗ ಕೋಶದ ಕೆರಳುಗುಣ ಹೆಚ್ಚುತ್ತದೆ’ ಎಂಬ ವಾಕ್ಯ ಓದಲು ಹೇಗಿದೆ? ‘ಕೆರಳು’ವಿನಲ್ಲಿ ಸಿಟ್ಟಿನ ವಾಸನೆ ಇದೆ ಎನ್ನುವುದಾದರೆ ‘ಸ್ಪಂದನಶೀಲತೆ’ಯತ್ತ ಹೋಗಬೇಕಾಗುತ್ತದೆ. ಆದರೆ ಅದು ತೀರಾ ಸಾಧು ಪದ, ಸಿಡಿಯುವ ಕೋಶಕ್ಕೆ ಹೊಂದುವುದಿಲ್ಲ. ಶರೀರಕ್ರಿಯಾಶಾಸ್ತ್ರ ಪಾಠ ಮಾಡುವವರು ತರಗತಿಯಲ್ಲಿ ಏನು ಬಳಸುತ್ತೀರಿ?