ವರ್ಷಕ್ಕೆ ನಾಲ್ಕು ಲಕ್ಷ ಖರ್ಚು ಮಾಡುವ ಕುಟುಂಬಕ್ಕೆ ಹೋಟೆಲ್ ಕ್ರೆಡಿಟ್ ಕಾರ್ಡ್ ಲಾಭವೇ?

ಶಿವಮೊಗ್ಗದಿಂದ ಬಂದ ಪ್ರಶ್ನೆ:

ನಾನು ಕಾಲೇಜು ಉಪನ್ಯಾಸಕಿ. ಮನೆಯಲ್ಲಿ ಪತಿ ಮತ್ತು ಶಾಲೆಗೆ ಹೋಗುವ ಇಬ್ಬರು ಮಕ್ಕಳಿದ್ದಾರೆ. ಬೇಸಿಗೆ ರಜೆಯಲ್ಲಿ ಒಮ್ಮೆ, ದಸರಾ ರಜೆಯಲ್ಲಿ ಒಮ್ಮೆ ಪ್ರವಾಸ ಹೋಗುತ್ತೇವೆ. ಮನೆಯ ಖರ್ಚಿನಲ್ಲಿ ವರ್ಷಕ್ಕೆ ಸುಮಾರು ನಾಲ್ಕು ಲಕ್ಷ ರೂಪಾಯಿಯನ್ನು ಕಾರ್ಡಿನ ಮೇಲೆ ಹಾಕಬಹುದು. ಉಚಿತವಾಗಿ ರಾತ್ರಿ ತಂಗಲು ಅವಕಾಶ ಕೊಡುವ ಎಚ್‌ಡಿಎಫ್‌ಸಿ ಬ್ಯಾಂಕ್ ಮ್ಯಾರಿಯಟ್ ಹೋಟೆಲ್ ಸಮೂಹದ ಜೊತೆ ಸೇರಿ ಕೊಡುವ ಮ್ಯಾರಿಯಟ್ ಬಾನ್‌ವಾಯ್ ಕಾರ್ಡನ್ನು ತೆಗೆದುಕೊಳ್ಳುವ ಯೋಚನೆ ಇದೆ. ಬಳಸುತ್ತಿರುವವರು ದಯವಿಟ್ಟು ಅನುಭವ ತಿಳಿಸಿ.

ಬೆಂಗಳೂರಿನ ರಾಜಾಜಿನಗರದಿಂದ:

ಮೇಡಂ, ಈ ಕಾರ್ಡು 2023ರ ಆಗಸ್ಟ್‌ನಲ್ಲಿ ಬಿಡುಗಡೆಯಾಯಿತು; ಅದಾದ ಸ್ವಲ್ಪ ದಿನಕ್ಕೇ ನಾನು ಪಡೆದುಕೊಂಡೆ. ಬಿಡುಗಡೆಯಾದಾಗ ವಾರ್ಷಿಕ ಶುಲ್ಕ 3,000 ರೂಪಾಯಿ ಇತ್ತು, ಜಿಎಸ್‌ಟಿ ಸೇರಿದರೆ 3,540. ಅರ್ಜಿ ಹಾಕುವ ದಿನ ಎಷ್ಟಿದೆ ಎಂಬುದನ್ನು ಬ್ಯಾಂಕಿನ ಪುಟದಲ್ಲಿಯೇ ನೋಡಿಕೊಳ್ಳಿ. ಶುಲ್ಕ ಕಟ್ಟಿದ್ದಕ್ಕೆ ಪ್ರತಿಯಾಗಿ ಒಂದು ರಾತ್ರಿಯ ಸೌಲಭ್ಯ ಸಿಗುತ್ತದೆ, ನವೀಕರಣವಾದಾಗ ಮತ್ತೊಂದು. ಅದರ ಮೇಲೆ ವರ್ಷದ ಖರ್ಚು 6 ಲಕ್ಷ, 9 ಲಕ್ಷ ಮತ್ತು 15 ಲಕ್ಷ ಮುಟ್ಟಿದಾಗ ಒಂದೊಂದು ರಾತ್ರಿ ಸೇರುತ್ತದೆ ಎಂಬುದು ಆಗಿನ ನಿಯಮ. ನಿಮ್ಮ ಖರ್ಚು ನಾಲ್ಕು ಲಕ್ಷವಾದ್ದರಿಂದ ಈ ಮೆಟ್ಟಿಲುಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ. ಒಂದು ರಾತ್ರಿಯ ಆಸೆಗೆ ಎರಡು ಲಕ್ಷ ಹೆಚ್ಚು ಖರ್ಚು ಮಾಡಿದರೆ ಮೂಗಿಗಿಂತ ಮೂಗುತಿ ಭಾರ ಎಂದಾಗುತ್ತದೆ.

ಹಾಗಾಗಿ ನಿಮ್ಮ ಮಟ್ಟಿಗೆ ಪ್ರಶ್ನೆ ಇರುವುದು ಶುಲ್ಕಕ್ಕೆ ಸಿಗುವ ಆ ಒಂದು ರಾತ್ರಿ ನಿಮಗೆ ಎಷ್ಟು ಬೆಲೆ ಬಾಳುತ್ತದೆ ಎಂಬುದರಲ್ಲಿ ಮಾತ್ರ. ಅದಕ್ಕೆ 15,000 ಪಾಯಿಂಟ್‌ಗಳ ಮಿತಿ ಇದೆ. ಪಾಯಿಂಟ್ ಎಂದರೆ ಖರ್ಚಿಗೆ ಪ್ರತಿಯಾಗಿ ಸಿಗುವ, ಹೋಟೆಲಿನಲ್ಲಿ ಹಣದ ಬದಲು ಬಳಸಬಹುದಾದ ಅಂಕ; ಆ ರಾತ್ರಿಯ ದರ ಅಷ್ಟು ಪಾಯಿಂಟ್‌ಗಳೊಳಗಿರುವ ಕೋಣೆಗೆ ಈ ಸೌಲಭ್ಯ ಸಾಕಾಗುತ್ತದೆ. ಮ್ಯಾರಿಯಟ್ ಸಂಸ್ಥೆ 2022ರ ಮಾರ್ಚ್‌ನಲ್ಲಿ ತನ್ನ ಸ್ಥಿರ ದರಪಟ್ಟಿಯನ್ನು ಕೈಬಿಟ್ಟ ಮೇಲೆ ಯಾವ ಹೋಟೆಲಿಗೆ ಎಷ್ಟು ಪಾಯಿಂಟ್ ಬೇಕೆಂಬುದು ಬೇಡಿಕೆಗೆ ತಕ್ಕಂತೆ ದಿನದಿಂದ ದಿನಕ್ಕೆ ಬದಲಾಗುತ್ತದೆ. ಮಂಗಳವಾರ ಮಿತಿಯೊಳಗಿರುವ ಅದೇ ಕೋಣೆ ಶನಿವಾರ ಮಿತಿ ಮೀರಿರಬಹುದು. ಕೊರತೆಯನ್ನು ನಿಮ್ಮ ಖಾತೆಯಲ್ಲಿರುವ ಪಾಯಿಂಟ್‌ಗಳಿಂದ ತುಂಬಿಕೊಳ್ಳಬಹುದು. ಆದರೆ ಸಾಮಾನ್ಯ ಖರ್ಚಿನ ಪ್ರತಿ 150 ರೂಪಾಯಿಗೆ 2 ಪಾಯಿಂಟ್ ಎಂದರೆ ನಾಲ್ಕು ಲಕ್ಷಕ್ಕೆ ಒಟ್ಟಾಗುವುದು 5,300ರ ಆಸುಪಾಸು. ಪ್ರಯಾಣ ಮತ್ತು ಊಟದ ಖರ್ಚಿಗೆ ಇದರ ಎರಡರಷ್ಟು, ಮ್ಯಾರಿಯಟ್ ಹೋಟೆಲುಗಳಲ್ಲೇ ಖರ್ಚು ಮಾಡಿದರೆ ನಾಲ್ಕರಷ್ಟು ಸಿಗುತ್ತದೆ.

ಕಾರ್ಡು ಪಡೆಯುವ ಮೊದಲೇ ಮಾಡಬಹುದಾದ ಪರೀಕ್ಷೆ ಒಂದಿದೆ. ಮ್ಯಾರಿಯಟ್ ಸದಸ್ಯತ್ವಕ್ಕೆ ಹಣ ಕಟ್ಟಬೇಕಾಗಿಲ್ಲ. ಸದಸ್ಯರಾಗಿ, ಅವರ ಆ್ಯಪ್‌ನಲ್ಲಿ ನೀವು ನಿಜವಾಗಿ ಹೋಗುವ ಊರನ್ನೂ ಮಕ್ಕಳ ರಜೆಯ ದಿನಾಂಕಗಳನ್ನೂ ಹಾಕಿ, ಪಾಯಿಂಟ್ ಬಳಸುವ ಆಯ್ಕೆಯನ್ನು ಒತ್ತಿ ನೋಡಿ. ಮದುರೆಯ ಕೋರ್ಟ್‌ಯಾರ್ಡ್, ಮಹಾಬಲೇಶ್ವರದ ಲ ಮೆರಿಡಿಯನ್, ಕೊಚ್ಚಿ ವಿಮಾನ ನಿಲ್ದಾಣದ ಬಳಿಯ ಪೋರ್ಟ್ ಮುಝಿರಿಸ್ ಇಂಥವನ್ನು ಒಂದೊಂದಾಗಿ ನೋಡಿ, ಪಾಯಿಂಟ್ ದರದ ಪಕ್ಕದಲ್ಲಿ ಅದೇ ರಾತ್ರಿಯ ನಗದು ದರವನ್ನೂ ತೆರಿಗೆ ಸೇರಿಸಿ ಬರೆದುಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗಳಿಗೆ ಜಿಎಸ್‌ಟಿ ಶೇ. 5, ಅದಕ್ಕೂ ಮೇಲ್ಪಟ್ಟರೆ ಶೇ. 18. ಅಂದರೆ 8,000 ರೂಪಾಯಿಯ ಕೋಣೆಗೆ ನಿಜವಾಗಿ ಬೀಳುವುದು 9,440. ಅಂಥ ಕೋಣೆ 14,000 ಪಾಯಿಂಟ್‌ಗೆ ಸಿಕ್ಕರೆ ಒಂದು ಪಾಯಿಂಟಿಗೆ ಸುಮಾರು 67 ಪೈಸೆ ಬಂದಂತಾಯಿತು, ಶುಲ್ಕ ಕಳೆದರೂ ಗಣನೀಯ ಉಳಿತಾಯವೇ. ಆದರೆ ಕೈಯಿಂದ ಹಣ ಕೊಡುವುದಾದರೆ ನೀವು 3,000 ರೂಪಾಯಿಯ ಲಾಡ್ಜಿನಲ್ಲೇ ಉಳಿಯುತ್ತೀರಿ ಎಂದಾದರೆ ಉಳಿತಾಯ 9,440 ಎಂದು ಬರೆದುಕೊಳ್ಳುವ ಹಾಗಿಲ್ಲ. ಆಗ ಶುಲ್ಕವೂ ಹುಟ್ಟುವುದಿಲ್ಲ.

ಇನ್ನೊಂದು ಮುಖ್ಯ ವಿಷಯ ಯುಪಿಐ. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಅಂಗಡಿಗೆ ಹಣ ಕೊಡಲು ರುಪೇ ಕ್ರೆಡಿಟ್ ಕಾರ್ಡ್ ಬೇಕು, ಇದು ಡೈನರ್ಸ್ ಕ್ಲಬ್ ಜಾಲದ ಕಾರ್ಡು. ದಿನಸಿ, ತರಕಾರಿ, ಔಷಧಿ ಎಲ್ಲವನ್ನೂ ಫೋನಿನಿಂದಲೇ ಕೊಳ್ಳುವ ಮನೆಯಲ್ಲಿ ನಾಲ್ಕು ಲಕ್ಷವೆಂದುಕೊಂಡ ಖರ್ಚಿನಲ್ಲಿ ಎಷ್ಟು ಭಾಗ ಈ ಕಾರ್ಡಿಗೆ ಬರುತ್ತದೆ ಎಂಬುದನ್ನು ಹಿಂದಿನ ಮೂರು ತಿಂಗಳ ಬ್ಯಾಂಕ್ ಪಾಸ್‌ಬುಕ್ ತೆರೆದು ನೋಡುವುದು ಒಳ್ಳೆಯದು.

ಮೈಸೂರಿನಿಂದ:

ಮೇಲಿನವರ ಲೆಕ್ಕವನ್ನು ಒಪ್ಪುತ್ತೇನೆ, ಆದರೆ ನಿಮ್ಮಂಥ ಕುಟುಂಬಕ್ಕೆ ನಾನು ಸೂಚಿಸುವುದು ಟಾಟಾ ನ್ಯೂ ಇನ್ಫಿನಿಟಿ ಕಾರ್ಡನ್ನು. ನಾನು ಪಡೆದಾಗ ಅದರ ಶುಲ್ಕ ಜಿಎಸ್‌ಟಿ ಬಿಟ್ಟು 1,499 ರೂಪಾಯಿ ಇತ್ತು, ವರ್ಷಕ್ಕೆ 3 ಲಕ್ಷ ಖರ್ಚಾದರೆ ಅದೂ ಮನ್ನಾ. ನಿಮ್ಮ ನಾಲ್ಕು ಲಕ್ಷ ಅಲ್ಲಿ ಕೆಲಸಕ್ಕೆ ಬರುತ್ತದೆ. ರುಪೇ ಆವೃತ್ತಿಯನ್ನು ಪಡೆದರೆ ಯುಪಿಐಗೂ ಜೋಡಿಸಬಹುದು. ಇದರಲ್ಲಿ ಖರ್ಚಿಗೆ ಪ್ರತಿಯಾಗಿ ಪಾಯಿಂಟ್‌ಗಳ ಬದಲು ನ್ಯೂಕಾಯಿನ್‌ಗಳು ಸಿಗುತ್ತವೆ, ಒಂದು ನ್ಯೂಕಾಯಿನ್ ಎಂದರೆ ಒಂದು ರೂಪಾಯಿ. ತಾಜ್, ವಿವಾಂತ, ಜಿಂಜರ್ ಎಲ್ಲ ಟಾಟಾ ಸಮೂಹದ ಒಂದೇ ಸಂಸ್ಥೆಯ ಹೋಟೆಲುಗಳಾದ್ದರಿಂದ ಮಡಿಕೇರಿಯ ತಾಜ್ ಕೈಗೆಟುಕದಿದ್ದರೆ ಮಂಗಳೂರಿನ ಜಿಂಜರ್ ಇದೆ. ಹೋಟೆಲಿಗೆ ಹೋಗದ ವರ್ಷ ಅದೇ ಕಾಯಿನ್‌ಗಳಿಂದ ಬಿಗ್‌ಬ್ಯಾಸ್ಕೆಟ್‌ನಲ್ಲಿ ಅಕ್ಕಿ, ಬೇಳೆ ತರಿಸಬಹುದು. ಇಡೀ ರಾತ್ರಿ ಉಚಿತವಾಯಿತು ಎಂಬ ಸಂತೋಷ ಇದರಲ್ಲಿ ಸಿಗುವುದಿಲ್ಲ, ನಿಜ. ಅದರ ಬದಲು ಬಿಲ್ಲಿನಲ್ಲಿ ಒಂದಿಷ್ಟು ಕಡಿಮೆಯಾಗುತ್ತದೆ.

ನ್ಯೂಜೆರ್ಸಿಯಿಂದ:

ಅಮೆರಿಕದ ವಿಡಿಯೊಗಳನ್ನು ನೋಡಿ ತೀರ್ಮಾನಿಸಬೇಡಿ ಎನ್ನುವುದಷ್ಟೇ ನನ್ನ ಸೇರ್ಪಡೆ. ಇಲ್ಲಿ ಹೊಸ ಕಾರ್ಡಿಗೆ ಸಿಗುವ ಆರಂಭಿಕ ಕೊಡುಗೆಯಿಂದಲೇ ಹಲವು ರಾತ್ರಿಗಳನ್ನು ಪಡೆಯಬಹುದು. ಹೋಟೆಲ್ ಸಮೂಹಗಳಾದ ಹಯಾಟ್‌ನದೋ ಐಎಚ್‌ಜಿಯದೋ ಕಾರ್ಡನ್ನು ನೂರು ಡಾಲರಿನ ಆಸುಪಾಸಿನ ಶುಲ್ಕಕ್ಕೆ ಇಟ್ಟುಕೊಂಡು ವರ್ಷಕ್ಕೊಂದು ರಾತ್ರಿಯನ್ನು ಊರಿಗೆ ಬಂದಾಗ ಬೆಂಗಳೂರಿನಲ್ಲೇ ಬಳಸುವವರಿದ್ದಾರೆ. ಆ ಲೆಕ್ಕ ಭಾರತದ ಕಾರ್ಡುಗಳಿಗೆ ಹೊಂದುವುದಿಲ್ಲ.

ಶಿವಮೊಗ್ಗದಿಂದ, ಮರುಪ್ರಶ್ನೆ:

ಎಲ್ಲರಿಗೂ ಧನ್ಯವಾದಗಳು. ನಾವು ನಾಲ್ವರೂ ಒಂದೇ ರಾತ್ರಿಯ ಸೌಲಭ್ಯದಲ್ಲಿ ಉಳಿಯಬಹುದೇ? ಬೆಳಗಿನ ತಿಂಡಿ ಸೇರಿರುತ್ತದೆಯೇ?

ರಾಜಾಜಿನಗರದಿಂದ:

ಒಂದು ರಾತ್ರಿ ಎಂದರೆ ಒಂದು ಕೋಣೆ. ಮಕ್ಕಳ ವಯಸ್ಸಿನ ಮಿತಿ ಮತ್ತು ಹೆಚ್ಚುವರಿ ಹಾಸಿಗೆಯ ದರ ಹೋಟೆಲಿನಿಂದ ಹೋಟೆಲಿಗೆ ಬೇರೆಯಾಗಿರುವುದರಿಂದ ಕಾಯ್ದಿರಿಸುವ ಮೊದಲು ಹೋಟೆಲಿಗೇ ಫೋನ್ ಮಾಡಿ, ಇಬ್ಬರು ಮಕ್ಕಳಿದ್ದಾರೆಂದು ಸ್ಪಷ್ಟವಾಗಿ ಹೇಳಿ ಕೇಳಿ. ತಿಂಡಿ ಸೇರಿರುವುದಿಲ್ಲ. ಈ ಕಾರ್ಡಿನೊಂದಿಗೆ ಬರುವ ಮ್ಯಾರಿಯಟ್ ಸದಸ್ಯತ್ವದ ಸಿಲ್ವರ್ ದರ್ಜೆಗೂ ತಿಂಡಿಯ ಸೌಲಭ್ಯವಿಲ್ಲ. ಅದು ವರ್ಷಕ್ಕೆ ಐವತ್ತು ರಾತ್ರಿ ಬೇಕಾಗುವ ಪ್ಲಾಟಿನಂ ದರ್ಜೆಯ ಮಾತು. ದೊಡ್ಡ ಹೋಟೆಲಿನಲ್ಲಿ ನಾಲ್ವರ ಬಫೆ ತಿಂಡಿಯ ಬಿಲ್ಲು ಶುಲ್ಕದ ಹತ್ತಿರಕ್ಕೇ ಹೋಗಬಹುದು. ನಾವು ಸಾಮಾನ್ಯವಾಗಿ ಹೊರಗೆ ಬಂದು ಹತ್ತಿರದ ದರ್ಶಿನಿಯಲ್ಲಿ ಇಡ್ಲಿ ತಿನ್ನುತ್ತೇವೆ.

ದಿನಾಂಕದ ಬಗ್ಗೆಯೂ ಎಚ್ಚರವಿರಲಿ. ಈ ಸೌಲಭ್ಯದ ಅವಧಿ ಒಂದು ವರ್ಷ, ಅಷ್ಟರೊಳಗೆ ಕಾಯ್ದಿರಿಸಿದರೆ ಸಾಲದು, ಉಳಿದು ಬಂದಿರಬೇಕು. ಕಾಯ್ದಿರಿಸಿದ್ದನ್ನು ಗಡುವಿನೊಳಗೆ ರದ್ದು ಮಾಡಿದರೆ ಅದು ಖಾತೆಗೆ ಮರಳುತ್ತದೆ, ಆದರೆ ಅವಧಿ ಮುಗಿದಿದ್ದರೆ ಮರಳಿಯೂ ಪ್ರಯೋಜನವಿಲ್ಲ. ನೀವು ಬೇಸಿಗೆ ಮತ್ತು ದಸರಾ ರಜೆಗಳಲ್ಲಿ ಮಾತ್ರ ಹೊರಡುವವರಾದ್ದರಿಂದ ನವೆಂಬರ್ ಅಥವಾ ಡಿಸೆಂಬರ್‌ನಲ್ಲಿ ಅರ್ಜಿ ಹಾಕಿದರೆ ಎರಡೂ ರಜೆಗಳು ಆ ಒಂದು ವರ್ಷದೊಳಗೆ ಬರುತ್ತವೆ, ಬೇಸಿಗೆಯಲ್ಲಿ ಕೋಣೆ ಸಿಗದಿದ್ದರೆ ದಸರಾಕ್ಕೆ ಇನ್ನೊಂದು ಅವಕಾಶವಿರುತ್ತದೆ.

ಮೈಸೂರಿನಿಂದ:

ಬಿಲ್ಲನ್ನು ಪ್ರತಿ ತಿಂಗಳೂ ಪೂರ್ತಿ ಕಟ್ಟುವ ಅಭ್ಯಾಸವಿದ್ದರೆ ಮಾತ್ರ ಇವೆಲ್ಲ ಲೆಕ್ಕ. ಬಾಕಿ ಉಳಿದರೆ ತಿಂಗಳಿಗೆ ಶೇ. 3.5ರ ಆಸುಪಾಸಿನ ಬಡ್ಡಿ ಬೀಳುತ್ತದೆ. 50,000 ರೂಪಾಯಿಯನ್ನು ಎರಡು ತಿಂಗಳು ಉಳಿಸಿಕೊಂಡರೆ ಮ್ಯಾರಿಯಟ್ ಕಾರ್ಡಿನ ಶುಲ್ಕದಷ್ಟು ಹಣ ಬಡ್ಡಿಗೇ ಹೋಗುತ್ತದೆ.