ಕಾರವಾರದ ಎರಡನೆಯ ಸರ್ವರ್ ಶನಿವಾರಕ್ಕೇ ನಿಂತಿದೆ: ಲಾಗ್ ಸರಪಳಿ ಎಲ್ಲಿ ತುಂಡಾಯಿತು?

ತೂಕದ ಚೀಟಿ, ಶಿರಸಿ
ಸೋಮವಾರ, 31 ಮಾರ್ಚ್ 2025, ಬೆಳಿಗ್ಗೆ 9.40

ಎಲ್ಲರಿಗೂ ನಮಸ್ಕಾರ. ಶಿರಸಿಯ ಒಂದು ಅಡಿಕೆ ಸಹಕಾರಿ ಸಂಘದಲ್ಲಿ ಗಣಕಯಂತ್ರಗಳ ಹೊಣೆ ನನ್ನದು. ಸದಸ್ಯರ ಖಾತೆ, ಯಾರ್ಡಿನ ತೂಕದ ಚೀಟಿ, ಟೆಂಡರ್ ದರ, ಬೆಳೆಸಾಲ ಎಲ್ಲವೂ ಎಸ್‌ಕ್ಯೂಎಲ್ ಸರ್ವರ್ 2019ರ ಒಂದೇ ಡೇಟಾಬೇಸಿನಲ್ಲಿವೆ. ಗಾತ್ರ 38 ಜಿಬಿ. ಇದರ ಪಡಿಯಚ್ಚು ಕಾರವಾರದ ನಮ್ಮ ಕಚೇರಿಯಲ್ಲಿ ಲಾಗ್ ಶಿಪ್ಪಿಂಗ್ ಮೂಲಕ ನಡೆಯುತ್ತದೆ, ಅಂದರೆ ಇಲ್ಲಿಯ ಬದಲಾವಣೆಗಳ ದಾಖಲೆಯಾದ ಲಾಗನ್ನು ಬ್ಯಾಕಪ್ ತೆಗೆದು, ಅಲ್ಲಿಗೆ ಕಳುಹಿಸಿ, ಅಲ್ಲಿಯ ಪ್ರತಿಗೆ ಹಚ್ಚುವುದು.

ಲಾಗ್ ಶಿಪ್ಪಿಂಗ್ ಯಾಕೆ ಬಂತು ಎಂಬುದನ್ನೂ ಹೇಳಿಬಿಡುತ್ತೇನೆ, ಏಕೆಂದರೆ ನನಗೆ ಇದು ಬರಿಯ ತಾಂತ್ರಿಕ ಏರ್ಪಾಡಲ್ಲ. ಮೊದಲು ಪ್ರತಿ ಶನಿವಾರ ಬ್ಯಾಕಪ್ ತುಂಬಿದ ಡಿಸ್ಕನ್ನು ದೇವಿಮನೆ ಘಟ್ಟ ಇಳಿಸಿ, ಕುಮಟಾ ಮೇಲಿಂದ ಕಾರವಾರಕ್ಕೆ ಕಳುಹಿಸುತ್ತಿದ್ದೆವು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೇ ಕುಸಿಯಿತು. ಅಲ್ಲಿ ಜೀವ ಕಳೆದುಕೊಂಡವರ ಎದುರು ನಮ್ಮ ಡಿಸ್ಕಿನ ಮಾತು ಎತ್ತುವುದಕ್ಕೂ ಸಂಕೋಚವಾಗುತ್ತದೆ. ಆದರೆ ದಾರಿ ಮುಚ್ಚಿದ ಆ ದಿನಗಳಲ್ಲಿ ಡಿಸ್ಕು ನನ್ನ ಮೇಜಿನ ಮೇಲೇ ಉಳಿದಿತ್ತು. ಸಾವಿರಾರು ಬೆಳೆಗಾರರ ವರ್ಷದ ದುಡಿಮೆಯ ಲೆಕ್ಕ ಒಂದೇ ಕಟ್ಟಡದಲ್ಲಿ, ಸುರಿಯುವ ಮಳೆಯಲ್ಲಿ. ಅಂದು ರಾತ್ರಿ ನಿದ್ದೆ ಬರಲಿಲ್ಲ. ಆಮೇಲೆಯೇ ಆಡಳಿತ ಮಂಡಳಿಯ ಮುಂದೆ ಕುಳಿತು ಇದನ್ನು ಮಾಡಿಸಿದ್ದು.

ಏರ್ಪಾಡು ಸಾಮಾನ್ಯವಾದದ್ದೇ. 15 ನಿಮಿಷಕ್ಕೊಮ್ಮೆ ಲಾಗ್ ಬ್ಯಾಕಪ್, 15 ನಿಮಿಷಕ್ಕೊಮ್ಮೆ ನಕಲು, 15 ನಿಮಿಷಕ್ಕೊಮ್ಮೆ ಮರುಸ್ಥಾಪನೆ. ಕಡತಗಳು 72 ಗಂಟೆ ಉಳಿಯುತ್ತವೆ. ಕಾರವಾರದವರು ವರದಿ ನೋಡಲಿ ಎಂದು ಎರಡನೆಯ ಪ್ರತಿಯನ್ನು ಸ್ಟ್ಯಾಂಡ್‌ಬೈನಲ್ಲಿ, ಅಂದರೆ ಓದಲು ಮಾತ್ರ ತೆರೆದ ಸ್ಥಿತಿಯಲ್ಲಿ, ಇಟ್ಟಿದ್ದೇನೆ.

ನಿನ್ನೆ ಯುಗಾದಿ, ಕಚೇರಿ ಇರಲಿಲ್ಲ. ಇವತ್ತು ವರ್ಷಾಂತ್ಯದ ಕೆಲಸಕ್ಕೆಂದು ಬಂದು ನೋಡಿದರೆ ಕಾರವಾರದ ದಾಖಲೆಯ ತುಂಬ 14421 ದೋಷ, ಅಂದರೆ ಮರುಸ್ಥಾಪನೆ ಮಿತಿ ಮೀರಿ ತಡವಾಗಿದೆ ಎಂಬ ಎಚ್ಚರಿಕೆ. ಬ್ಯಾಕಪ್ ನಡೆಯುತ್ತಿದೆ, ನಕಲೂ ನಡೆಯುತ್ತಿದೆ, ಮರುಸ್ಥಾಪನೆ ಮಾತ್ರ 4305 ಎಂದು ನಿಲ್ಲುತ್ತದೆ. ‘ಈ ಲಾಗ್ ತೀರ ಮುಂದಿನದು, ಹಚ್ಚಲು ಬರುವುದಿಲ್ಲ’ ಎಂಬ ಅರ್ಥದ ಸಂದೇಶ. ಕೊನೆಗೆ ಹಚ್ಚಿಕೊಂಡ ಕಡತದ ಹೆಸರು 20250329113001 ಎಂದು ಮುಗಿಯುತ್ತದೆ, ಅಂದರೆ ಶನಿವಾರ 11.30. ನಮ್ಮ ದಿನಚರಿ ಪುಸ್ತಕದಲ್ಲಿ ಅಂದು ಬೆಳಿಗ್ಗೆ 11.20ಕ್ಕೆ ವಿದ್ಯುತ್ ಹೋದದ್ದು ಬರೆದಿದೆ. ಯುಪಿಎಸ್ ಮೇಲೆ ಓಡುವಾಗ ಒಂದು ಕಡತ ಕೆಟ್ಟಿರಬಹುದೇ? ಎರಡೂ ಕಡೆ ಗಾತ್ರ ಹೋಲಿಸಿದೆ, ಬೈಟೂ ವ್ಯತ್ಯಾಸವಿಲ್ಲ. ಡಿಸ್ಕಿನಲ್ಲಿ ಜಾಗವಿದೆ, ಹಂಚಿಕೆಯ ಫೋಲ್ಡರಿಗೆ ಅನುಮತಿಯೂ ಸರಿ ಇದೆ.

ಪೂರ್ಣ ಬ್ಯಾಕಪ್ ತೆಗೆದು ಮೊದಲಿನಿಂದ ಕೂರಿಸಬಹುದು. ಆದರೆ ಇವತ್ತು ಬೆಳೆಸಾಲ ತೀರಿಸಿ ರಸೀದಿ ಪಡೆಯುವವರ ಕೊನೆಯ ದಿನ. ನಮ್ಮ ಲೈನಿನಲ್ಲಿ 38 ಜಿಬಿ ಹಾಯಿಸಿದರೆ ಕೌಂಟರಿನಲ್ಲಿ ನಿಂತ ಜನರಿಗೆ ತೊಂದರೆ. ಬೇರೆ ದಾರಿ ಇದೆಯೇ?

ಕೋಡಿಬಾಗ
ಬೆಳಿಗ್ಗೆ 10.05

ಸ್ಟ್ಯಾಂಡ್‌ಬೈ ಎಂದಿದ್ದೀರಿ. ಕಾರವಾರದಲ್ಲಿ ಯಾರಾದರೂ ವರದಿಯನ್ನು ತೆರೆದೇ ಇಟ್ಟು ಹಬ್ಬಕ್ಕೆ ಹೋಗಿರಬಹುದೇ? ಒಬ್ಬರು ಒಳಗಿದ್ದರೂ ಮರುಸ್ಥಾಪನೆ ಆಗುವುದಿಲ್ಲ. ನನಗೆ ಹೀಗೆ ಎರಡು ಸಲ ಆಗಿದೆ. ಸೆಟ್ಟಿಂಗಿನಲ್ಲಿ ಬಳಕೆದಾರರನ್ನು ಹೊರಹಾಕುವ ಆಯ್ಕೆಗೆ ಗುರುತು ಹಾಕಿ ನೋಡಿ.

ತೂಕದ ಚೀಟಿ, ಶಿರಸಿ
ಬೆಳಿಗ್ಗೆ 10.20

ಆ ಗುರುತು ಮೊದಲಿನಿಂದಲೂ ಇದೆ. ಯಾರಾದರೂ ಒಳಗಿದ್ದರೆ ಬರುವ ದೋಷ 3101. ಅದು ಎಲ್ಲಿಯೂ ಕಾಣುತ್ತಿಲ್ಲ.

ಗಂಗಾವಳಿ ದಂಡೆ
ಬೆಳಿಗ್ಗೆ 10.32

ಶನಿವಾರ ಯಾರೋ ಪೂರ್ಣ ಬ್ಯಾಕಪ್ ತೆಗೆದಿರುತ್ತಾರೆ. ಅದರಿಂದಲೇ ಸರಪಳಿ ತುಂಡಾಗಿರುತ್ತದೆ. ಲಾಗ್ ಶಿಪ್ಪಿಂಗ್ ಇರುವ ಡೇಟಾಬೇಸಿನಲ್ಲಿ ಪೂರ್ಣ ಬ್ಯಾಕಪ್ ತೆಗೆಯಲೇಬಾರದು. ಮೊದಲಿನಿಂದ ಕೂರಿಸದೆ ಗತ್ಯಂತರವಿಲ್ಲ.

ಮಂಜುಗುಣಿ ದಾರಿ
ಬೆಳಿಗ್ಗೆ 10.58

ಮೇಲಿನ ಉತ್ತರ ತಪ್ಪು. ಅದನ್ನು ನಂಬಿ ಎಷ್ಟೋ ಕಡೆ ಪೂರ್ಣ ಬ್ಯಾಕಪ್ ತೆಗೆಯುವುದನ್ನೇ ನಿಲ್ಲಿಸಿದ್ದನ್ನು ನೋಡಿದ್ದೇನೆ, ಆದ್ದರಿಂದ ಸ್ಪಷ್ಟವಾಗಿ ಹೇಳುತ್ತೇನೆ: ಪೂರ್ಣ ಬ್ಯಾಕಪ್ ಲಾಗ್ ಸರಪಳಿಯನ್ನು ಮುರಿಯುವುದಿಲ್ಲ. ಅದು ಬದಲಿಸುವುದು ಡಿಫರೆನ್ಷಿಯಲ್ ಬ್ಯಾಕಪ್ಪಿನ (ಕೊನೆಯ ಪೂರ್ಣ ಬ್ಯಾಕಪ್ಪಿನ ನಂತರ ಬದಲಾದದ್ದನ್ನಷ್ಟೇ ಹೊರುವ ಬ್ಯಾಕಪ್) ತಳಪಾಯವನ್ನು ಮಾತ್ರ. ಸರಪಳಿ ಮುರಿಯುವುದು ರಿಕವರಿ ಮಾದರಿಯನ್ನು ಲಾಗ್ ಬ್ಯಾಕಪ್ಪಿಗೆ ಅವಕಾಶವೇ ಇಲ್ಲದ ಸಿಂಪಲ್‌ಗೆ ಬದಲಿಸಿದಾಗ. ಇನ್ನೊಂದು ಸಂದರ್ಭವಿದೆ, ಅದರಲ್ಲಿ ಸರಪಳಿ ಮುರಿದಿರುವುದಿಲ್ಲ, ಅದರ ಒಂದು ಕೊಂಡಿ ಮಾತ್ರ ಬೇರೆಯವರ ಕೈಯಲ್ಲಿರುತ್ತದೆ. ಯಾರಾದರೂ ಬೇರೆ ಸಾಧನದಿಂದ ಒಂದು ಲಾಗ್ ಬ್ಯಾಕಪ್ ತೆಗೆದರೆ ಹೀಗಾಗುತ್ತದೆ. ನಿಮ್ಮದು ಇದೇ ಎಂದು ನನ್ನ ಊಹೆ.

ನಿಮ್ಮ ರಸೀದಿ ಪುಸ್ತಕವನ್ನೇ ನೆನಪಿಸಿಕೊಳ್ಳಿ. ಪ್ರತಿ ಲಾಗ್ ಬ್ಯಾಕಪ್ಪಿಗೂ ಆರಂಭದ ಎಲ್‌ಎಸ್‌ಎನ್ (ಲಾಗಿನ ದಾಖಲೆಯ ಕ್ರಮಸಂಖ್ಯೆ), ಕೊನೆಯ ಎಲ್‌ಎಸ್‌ಎನ್ ಎಂಬ ಎರಡು ಸಂಖ್ಯೆಗಳಿವೆ. ಒಂದರ ಕೊನೆಯ ಸಂಖ್ಯೆಯೇ ಮುಂದಿನದರ ಆರಂಭ. ನಡುವೆ ಯಾರೋ ಒಂದು ಹಾಳೆ ಹರಿದು ಒಯ್ದರೆ ಕಾರವಾರದ ಗುಮಾಸ್ತ ಮುಂದಿನ ಹಾಳೆಯನ್ನು ಸ್ವೀಕರಿಸುವುದಿಲ್ಲ. ಸ್ವೀಕರಿಸಲೂಬಾರದು.

ಇನ್ನು ನಿಮ್ಮ 11.30ರ ವಿಷಯ. ವಿದ್ಯುತ್ ಹೋದದ್ದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಲಾಗ್ ಶಿಪ್ಪಿಂಗ್ ಕಡತಗಳ ಹೆಸರಿನಲ್ಲಿರುವ ಸಮಯ ನಮ್ಮ ಗಡಿಯಾರದ್ದಲ್ಲ, ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯದ್ದು. ಐದೂವರೆ ಗಂಟೆ ಕೂಡಿಸಿ. ನೀವು ಹುಡುಕಬೇಕಾದದ್ದು ಶನಿವಾರ ಸಂಜೆ 5ರಿಂದ 5.15ರ ನಡುವೆ.

ಸರ್ವರ್ ತನ್ನ ಬ್ಯಾಕಪ್ ಇತಿಹಾಸ ಬರೆದಿಡುವ ಎಂಎಸ್‌ಡಿಬಿಯ ಬ್ಯಾಕಪ್‌ಸೆಟ್ ಕೋಷ್ಟಕವನ್ನು ಬ್ಯಾಕಪ್‌ಮೀಡಿಯಾಫ್ಯಾಮಿಲಿ ಕೋಷ್ಟಕದೊಂದಿಗೆ ಮೀಡಿಯಾ ಸೆಟ್ ಐಡಿಯ ಮೇಲೆ ಜೋಡಿಸಿ, ಶನಿವಾರ ಸಂಜೆಯ ಸಾಲುಗಳನ್ನು ಸಮಯದ ಕ್ರಮದಲ್ಲಿ ತೆಗೆಯಿರಿ. ಅಲ್ಲಿಯ ಸಮಯ ಸರ್ವರಿನ ಸ್ಥಳೀಯ ಸಮಯವೇ. ಬ್ಯಾಕಪ್ಪಿನ ಬಗೆ, ಎರಡೂ ಎಲ್‌ಎಸ್‌ಎನ್, ತೆಗೆದವರ ಲಾಗಿನ್, ಕಡತ ಹೋದ ಜಾಗ, ಇಷ್ಟು ಸಾಕು.

ಅದಕ್ಕೂ ಮೊದಲು, ಈ ಕ್ಷಣವೇ, ಶಿರಸಿಯ ಲಾಗ್ ಫೋಲ್ಡರನ್ನು ಬೇರೊಂದು ಡಿಸ್ಕಿಗೆ ನಕಲಿಸಿಡಿ. 72 ಗಂಟೆಯ ಲೆಕ್ಕದಲ್ಲಿ ಶನಿವಾರ ಸಂಜೆಯ ಕಡತಗಳು ನಾಳೆ ಸಂಜೆಯಿಂದ ಅಳಿಯತೊಡಗುತ್ತವೆ. ಕಳೆದ ಕೊಂಡಿ ಸಿಕ್ಕರೂ ಅದರ ಮುಂದಿನವು ಇಲ್ಲವಾದರೆ ಪ್ರಯೋಜನವಿಲ್ಲ.

ತೂಕದ ಚೀಟಿ, ಶಿರಸಿ
ಮಧ್ಯಾಹ್ನ 12.15

ಫೋಲ್ಡರ್ ನಕಲಾಗಿದೆ. ನೀವು ಹೇಳಿದಂತೆ ಸಾಲುಗಳನ್ನು ತೆಗೆದೆ. ನೋಡುತ್ತಿದ್ದಂತೆ ಕೈ ತಣ್ಣಗಾಯಿತು.

ಸಂಜೆ 5.00ಕ್ಕೆ ನಮ್ಮ ಲಾಗ್ ಬ್ಯಾಕಪ್. ಕೊನೆಯ ಎಲ್‌ಎಸ್‌ಎನ್ 48000000123400001. ಕಾರವಾರದಲ್ಲಿ ಕೊನೆಗೆ ಹಚ್ಚಿಕೊಂಡದ್ದು ಇದೇ.
5.04ಕ್ಕೆ ಒಂದು ಪೂರ್ಣ ಬ್ಯಾಕಪ್, ಇ ಡ್ರೈವಿನ ಯಾವುದೋ ಫೋಲ್ಡರಿಗೆ.
5.07ಕ್ಕೆ ಅದೇ ಫೋಲ್ಡರಿಗೆ ಒಂದು ಲಾಗ್ ಬ್ಯಾಕಪ್. 48000000123400001ರಿಂದ 48000000151200001ರವರೆಗೆ.
5.15ಕ್ಕೆ ಮತ್ತೆ ನಮ್ಮದು. ಆರಂಭವೇ 48000000151200001.

ಹರಿದ ಹಾಳೆ ಎಂದಿರಲ್ಲ, ಅದು ಇದೇ. ಲಾಗಿನ್ ನಮ್ಮ ಲೆಕ್ಕಪತ್ರ ತಂತ್ರಾಂಶದ್ದು. ಶನಿವಾರ ಸಂಜೆ ಆ ತಂತ್ರಾಂಶದ ಕಂಪನಿಯವರೊಬ್ಬರು ಲೆಕ್ಕ ಪರಿಶೋಧನೆಗೆ ಮಾಹಿತಿ ಬೇಕೆಂದು ಬಂದಿದ್ದರು. ತಂತ್ರಾಂಶದ ಬ್ಯಾಕಪ್ ಪರದೆಯಲ್ಲಿ ಒಂದು ಗುಂಡಿ ಒತ್ತಿದರೆ ಪೂರ್ಣವೂ ಲಾಗೂ ಒಟ್ಟಿಗೆ ತೆಗೆಯುತ್ತದೆಯಂತೆ. ಇ ಡ್ರೈವಿನಲ್ಲಿ ಈಗ ಆ ಫೋಲ್ಡರ್ ಖಾಲಿ. ಕಡತಗಳನ್ನು ನಕಲಿಸಿಕೊಳ್ಳಲಿಲ್ಲ, ಕತ್ತರಿಸಿ ಒಯ್ದಿದ್ದಾರೆ.

ಅದು ಸಿಗದಿದ್ದರೆ ಡಿಫರೆನ್ಷಿಯಲ್ ತೆಗೆದು ಸೇತುವೆ ಹಾಕಬಹುದೇ? ಅದು ಚಿಕ್ಕದಾಗಿರುತ್ತದೆ, ಲೈನಿಗೆ ಭಾರವಾಗುವುದಿಲ್ಲ.

ಮಂಜುಗುಣಿ ದಾರಿ
ಮಧ್ಯಾಹ್ನ 12.40

ಸಾಮಾನ್ಯವಾಗಿ ಹಾಕಬಹುದು, ಅದು ಒಳ್ಳೆಯ ದಾರಿಯೇ. ಆದರೆ ನಿಮ್ಮ ಸಂದರ್ಭದಲ್ಲಿ 5.04ರ ಪೂರ್ಣ ಬ್ಯಾಕಪ್ ಅಡ್ಡ ನಿಂತಿದೆ. ಈಗ ತೆಗೆಯುವ ಡಿಫರೆನ್ಷಿಯಲ್ 5.04ರ ನಂತರದ ಬದಲಾವಣೆಗಳನ್ನು ಮಾತ್ರ ಹೊತ್ತಿರುತ್ತದೆ. ಕಾರವಾರ ನಿಂತಿರುವುದು 5.00ರಲ್ಲಿ. ನಡುವಿನ ನಾಲ್ಕು ನಿಮಿಷವನ್ನು ಕೊಡುವವರು ಯಾರೂ ಇಲ್ಲ. ಆ ಪೂರ್ಣ ಬ್ಯಾಕಪ್ಪನ್ನು ಕಾಪಿ ಓನ್ಲಿ ಎಂದು ತೆಗೆದಿದ್ದರೆ ತಳಪಾಯ ಕದಲುತ್ತಿರಲಿಲ್ಲ. ಲಾಗನ್ನೂ ಹಾಗೆಯೇ ತೆಗೆದಿದ್ದರೆ ಸರಪಳಿಗೆ ಏನೂ ಆಗುತ್ತಿರಲಿಲ್ಲ.

ಆದ್ದರಿಂದ ಆ ಕಡತವನ್ನು ಹೇಗಾದರೂ ತರಿಸಿ. ಬಂದ ಕೂಡಲೇ ಕಡತದ ಹೆಡರ್ ಮಾತ್ರ ಓದುವ ರಿಸ್ಟೋರ್ ಹೆಡರ್‌ಓನ್ಲಿ ಓಡಿಸಿ ಎರಡು ಸಂಖ್ಯೆಗಳನ್ನೂ ತಾಳೆ ನೋಡಿ. ಸರಿಯಿದ್ದರೆ ಕಾರವಾರದ ಮರುಸ್ಥಾಪನೆ ಕೆಲಸವನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಆ ಒಂದು ಕಡತವನ್ನು ಕೈಯಾರೆ ಹಚ್ಚಿ. ಸ್ಟ್ಯಾಂಡ್‌ಬೈ ಅಥವಾ ನೋರಿಕವರಿ ಎಂದು ಬರೆಯುವುದನ್ನು ಮಾತ್ರ ಮರೆಯಬೇಡಿ. ಏನೂ ಬರೆಯದಿದ್ದರೆ ಅದು ರಿಕವರಿ ಎಂದು ತಿಳಿದು ಡೇಟಾಬೇಸನ್ನು ಪೂರ್ತಿ ತೆರೆದುಬಿಡುತ್ತದೆ. ಆಗ ಮುಂದಿನ ಯಾವ ಲಾಗೂ ಹತ್ತುವುದಿಲ್ಲ, 38 ಜಿಬಿಯೇ ಗತಿ.

ಗಂಗಾವಳಿ ದಂಡೆ
ಮಧ್ಯಾಹ್ನ 12.52

ನನ್ನ ಮೇಲಿನ ಉತ್ತರವನ್ನು ಹಿಂದಕ್ಕೆ ಪಡೆಯುತ್ತೇನೆ. ಇಷ್ಟು ವರ್ಷ ಹಾಗೆಯೇ ತಿಳಿದಿದ್ದೆ. ಈಗಷ್ಟೇ ನಮ್ಮ ಪರೀಕ್ಷಾ ಸರ್ವರಿನಲ್ಲಿ ನಡುವೆ ಪೂರ್ಣ ಬ್ಯಾಕಪ್ ತೆಗೆದು ನೋಡಿದೆ, ಲಾಗ್‌ಗಳು ಒಂದರ ಹಿಂದೊಂದು ಹತ್ತಿದವು.

ತೂಕದ ಚೀಟಿ, ಶಿರಸಿ
ಸಂಜೆ 6.30

ಬೆಳಗಿನಿಂದ ಉತ್ತರಿಸಿದ ನಿಮಗೆಲ್ಲ ಏನಾಯಿತೆಂದು ಹೇಳಲೇಬೇಕು.

ತಂತ್ರಾಂಶದವರು ಹುಬ್ಬಳ್ಳಿಯವರು. ಇವತ್ತು ರಂಜಾನ್, ಅವರ ಕಚೇರಿಗೆ ರಜೆ. ಮೂರು ಸಲ ಫೋನ್ ಮಾಡಿದ ಮೇಲೆ ಬಂದುಹೋದವರೇ ಸಿಕ್ಕರು. ಪೆನ್‌ಡ್ರೈವ್ ಇನ್ನೂ ಚೀಲದಲ್ಲೇ ಇತ್ತು, ಅದೃಷ್ಟ. 2.40ಕ್ಕೆ ಕಡತ ಕಳುಹಿಸಿದರು. ಹೆಡರ್ ನೋಡಿದೆ: 123400001ಕ್ಕೆ ಆರಂಭ, 151200001ಕ್ಕೆ ಕೊನೆ. ಕಾರವಾರದಲ್ಲಿ ಕೆಲಸ ನಿಲ್ಲಿಸಿ, ಸ್ಟ್ಯಾಂಡ್‌ಬೈ ಎಂದು ಎರಡು ಸಲ ಓದಿ ನೋಡಿ, ಹಚ್ಚಿದೆ. ಹತ್ತಿತು. 3.10ಕ್ಕೆ ಮರುಸ್ಥಾಪನೆ ಕೆಲಸವನ್ನು ಮತ್ತೆ ಶುರುಮಾಡಿದೆ. ಶನಿವಾರ 5.15ರಿಂದ ಇವತ್ತು 3.00ರವರೆಗಿನ 184 ಕಡತಗಳು ಒಂದೊಂದಾಗಿ ಇಳಿಯುವುದನ್ನು ಕುರ್ಚಿ ಬಿಟ್ಟೇಳದೆ ನೋಡಿದೆ. ಕೌಂಟರಿನಲ್ಲಿ ರಸೀದಿಯ ಕೆಲಸಕ್ಕೆ ಒಂದು ನಿಮಿಷವೂ ಅಡ್ಡಿಯಾಗಲಿಲ್ಲ.

ಮುಗಿದ ಮೇಲೆ ಕಾರವಾರದ ಪ್ರತಿಯಲ್ಲಿ ಮೊದಲು ಹುಡುಕಿದ್ದು 5.00ರಿಂದ 5.07ರ ನಡುವಿನ ತೂಕದ ಚೀಟಿಗಳನ್ನು. ಮೂರಿವೆ. ಎರಡು ರಾಶಿ ಅಡಿಕೆಯವು, ಒಂದು ಚಾಲಿ ಅಡಿಕೆಯದು. ಚಾಲಿಯ ಚೀಟಿ ಹುಲೇಕಲ್ ಕಡೆಯ ಒಬ್ಬ ಸದಸ್ಯೆಯದು, ನಿವ್ವಳ 2 ಕ್ವಿಂಟಲ್ 37 ಕಿಲೋ. ನಮ್ಮ ಯಾರ್ಡಿನ ಕಾಗದದ ಪ್ರತಿಯನ್ನು ಪಕ್ಕದಲ್ಲಿಟ್ಟು ಅಂಕಿ ಅಂಕಿಯಾಗಿ ಹೋಲಿಸಿದೆ. ಮೇ ತಿಂಗಳಿನಿಂದ ಅಂಗಳದಲ್ಲಿ ಮಳೆ ನೋಡಿಕೊಂಡು, ಕೊಳೆರೋಗಕ್ಕೆ ಹೆದರಿಕೊಂಡು, ಕೊಯ್ದು ಒಣಗಿಸಿ ಸುಲಿದು ತಂದ ಅಡಿಕೆ ಅದು. ಅದರ ಲೆಕ್ಕ ಎರಡು ದಿನ ಒಂದೇ ಕಟ್ಟಡದಲ್ಲಿತ್ತು, ಇನ್ನೊಂದು ಪ್ರತಿ ಯಾರದೋ ಚೀಲದಲ್ಲಿತ್ತು ಎಂಬುದನ್ನು ಈಗಲೂ ಅರಗಿಸಿಕೊಳ್ಳಲಾಗುತ್ತಿಲ್ಲ.

ಒಂದು ಪ್ರಶ್ನೆ ಉಳಿದಿದೆ. ತಂತ್ರಾಂಶದ ಲಾಗಿನ್ನಿಗೆ ಬ್ಯಾಕಪ್ ತೆಗೆಯುವ ಹಕ್ಕನ್ನು ಹೇಗೆ ಕಸಿಯುವುದು? ಬ್ಯಾಕಪ್ ಆಪರೇಟರ್ ಪಾತ್ರದಿಂದ ತೆಗೆದೆ, ಆದರೂ ಬ್ಯಾಕಪ್ ಹೋಗುತ್ತಿದೆ.

ಮಂಜುಗುಣಿ ದಾರಿ
ಸಂಜೆ 6.55

ಹಾಗಾದರೆ ಆ ಲಾಗಿನ್ ಬಹುಶಃ ಸಿಸ್‌ಅಡ್ಮಿನ್, ಅಂದರೆ ಸರ್ವರಿನ ಪೂರ್ಣ ಅಧಿಕಾರದ ಪಾತ್ರದಲ್ಲಿದೆ. ಅದರ ಮುಂದೆ ಯಾವ ನಿರಾಕರಣೆಯೂ ನಡೆಯುವುದಿಲ್ಲ. ಅದನ್ನು ಆ ಪಾತ್ರದಿಂದಲೇ ತೆಗೆದು, ಆ ಒಂದು ಡೇಟಾಬೇಸಿನಲ್ಲಿ ಓದುವ, ಬರೆಯುವ, ಪ್ರೊಸೀಜರ್ ಓಡಿಸುವ ಹಕ್ಕುಗಳನ್ನು ಕೊಡಿ. ಡಿಬಿ ಓನರ್ ಮಾಡಬೇಡಿ, ಅದಕ್ಕೂ ಬ್ಯಾಕಪ್ ಹಕ್ಕಿದೆ. ವರ್ಷಾಂತ್ಯ ಮುಗಿಯಲಿ, ಆಮೇಲೆ ಒಂದು ರಜಾದಿನ ಮಾಡಿ. ಏನಾದರೂ ನಿಂತರೆ ಸರಿಪಡಿಸಲು ಸಮಯವಿರುತ್ತದೆ.

ಇನ್ನೊಂದು ಮಾತು. ಮರುಸ್ಥಾಪನೆ ತಡವಾದರೆ ಎಚ್ಚರಿಕೆ ಏಳುವ ಮಿತಿ ತಾನಾಗಿ 45 ನಿಮಿಷ ಇರುತ್ತದೆ. ಶನಿವಾರ ಸಂಜೆ ಆರರ ಹೊತ್ತಿಗೇ 14421 ಎದ್ದಿರಬೇಕು. ನಿಮಗೆ ಸೋಮವಾರ ಬೆಳಿಗ್ಗೆವರೆಗೆ ಯಾಕೆ ತಿಳಿಯಲಿಲ್ಲ?

ತೂಕದ ಚೀಟಿ, ಶಿರಸಿ
ರಾತ್ರಿ 9.10

ನೀವು ಕೇಳಿದ ಮೇಲೆ ನೋಡಿದೆ. ಎಚ್ಚರಿಕೆ ಶನಿವಾರವೇ ಎದ್ದಿದೆ, ಮೇಲ್ ಕೂಡ ಹೋಗಿದೆ. ಹೋದದ್ದು ಕಳೆದ ವರ್ಷ ನಿವೃತ್ತರಾದ ಹಿರಿಯರೊಬ್ಬರ ವಿಳಾಸಕ್ಕೆ. ಆಪರೇಟರ್ ಹೆಸರಿನಲ್ಲಿ ಅವರ ವಿಳಾಸವೇ ಉಳಿದಿತ್ತು. ಎರಡು ದಿನದಲ್ಲಿ ಎಷ್ಟು ಬಂದಿವೆಯೋ, ಅವರು ಆ ಪೆಟ್ಟಿಗೆ ತೆರೆಯುವುದನ್ನೇ ಬಿಟ್ಟಿದ್ದಾರೆ.

ವಿಳಾಸ ಬದಲಿಸಿ, ನನ್ನದರ ಜೊತೆಗೆ ಕಾರವಾರದ ಲೆಕ್ಕಿಗರದ್ದನ್ನೂ ಸೇರಿಸಿದೆ. ಕೌಂಟರ್ ಮುಚ್ಚಿದ ಮೇಲೆ ಮರುಸ್ಥಾಪನೆ ಕೆಲಸವನ್ನು ಬೇಕೆಂದೇ ನಿಲ್ಲಿಸಿ ಕಾದು ಕುಳಿತೆ. 46ನೆಯ ನಿಮಿಷಕ್ಕೆ ಇಬ್ಬರ ಮೊಬೈಲಿಗೂ ಮೇಲ್ ಬಂತು. ಅವರು ಕಾರವಾರದಿಂದ ಗಾಬರಿಯಾಗಿ ಫೋನ್ ಮಾಡಿದರು. ಕೆಲಸವನ್ನು ಮತ್ತೆ ಶುರುಮಾಡಿ, 9 ಗಂಟೆಯ ಕಡತ ಅಲ್ಲಿ ಇಳಿಯುವವರೆಗೆ ಇದ್ದು, ಈಗ ಮನೆಗೆ ಹೊರಟಿದ್ದೇನೆ.