ಪುಟ್ಟನ ಆರು ಗೊಂಬೆಗಳ ಬಾಕ್ಸ್: ಅಕ್ಕನಿಗೆ ಉತ್ತರ

ಅಕ್ಕ, ನಿನ್ನ ಮೆಸೇಜ್ ಬೆಳಿಗ್ಗೆಯೇ ನೋಡಿದೆ. ಆಫೀಸಿನಲ್ಲಿ ಬಿಡುವಾಗಲಿಲ್ಲ. ಈಗ ಡೊಂಬಿವಲಿ ಲೋಕಲ್ ಟ್ರೇನ್‌ನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿದೆ, ನಿಧಾನಕ್ಕೆ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ. ಪುಟ್ಟನನ್ನೂ ಪಕ್ಕದಲ್ಲಿ ಕೂರಿಸಿಕೋ.

ನೀನು ಕೇಳಿದ್ದು ಇಷ್ಟು. ಆ ಬಾಹ್ಯಾಕಾಶ ಸೈನ್ಯದ ಆರು ಆಕ್ಷನ್ ಫಿಗರ್ ಇರುವ ಬಾಕ್ಸಿಗೆ 6,999. ಬಿಡಿಯಾಗಿ ಒಂದಕ್ಕೆ 1,499, ಆರಕ್ಕೆ 8,994. ಹತ್ತಿರ ಹತ್ತಿರ ಎರಡು ಸಾವಿರ ಉಳಿಯುತ್ತದೆ, ತಗೊಳ್ಳಲಾ ಅಂತ. ಅದರ ಕೆಳಗೆ ಭಾವ ಬರೆದಿದ್ದಾರೆ, ಮುಂಬೈಯ ಕ್ರಾಫರ್ಡ್ ಮಾರ್ಕೆಟ್‌ನಲ್ಲಿ ಇಂಥವು ಡಜನ್ ಲೆಕ್ಕದಲ್ಲಿ ಸಿಗುತ್ತವೆ ಅಂತ.

ಮೊದಲು ಲೆಕ್ಕ. ಬಾಕ್ಸಿನ ಬೆಲೆಯನ್ನು ಆರರಿಂದ ಭಾಗಿಸಬೇಡ ಅಕ್ಕ. ಬಿಡಿಯಾಗಿ ಅಂಗಡಿಯಲ್ಲಿ ನೇತಾಡುತ್ತಿದ್ದರೂ ಪುಟ್ಟ ಬೇಕು ಅನ್ನುತ್ತಿದ್ದ ಗೊಂಬೆ ಇದರಲ್ಲಿ ಎಷ್ಟಿವೆ? ಅಷ್ಟರಿಂದ ಮಾತ್ರ ಭಾಗಿಸು.

ನೀನು ಕಳಿಸಿದ ಫೋಟೊ ದೊಡ್ಡದು ಮಾಡಿ ನೋಡಿದೆ. ಎಡಗಡೆ ನಿಂತಿರುವ ಹೀರೋ ಇದ್ದಾನಲ್ಲ, ಅವನು ಹೋದ ಹುಟ್ಟುಹಬ್ಬಕ್ಕೆ ನಾನೇ ಪುಟ್ಟನಿಗೆ ಕೊಟ್ಟವನು. ಅದೇ ಅಚ್ಚು. ಮೊಣಕಾಲಿನ ಪಟ್ಟಿ, ಸೊಂಟದ ಚೀಲ, ಎಡಗೈಯ ಅರ್ಧ ಮುಷ್ಟಿ, ಎಲ್ಲಾ ಅದೇ. ಕೆನ್ನೆಗೂ ಬೂಟಿಗೂ ಕಂದು ಬಣ್ಣ ತಾಗಿಸಿ 'ಯುದ್ಧದಿಂದ ಬಂದವನು' ಅಂತ ಮಾಡಿದ್ದಾರೆ, ಅಷ್ಟೇ. ಗೊಂಬೆ ಮಾಡುವವರಿಗೆ ದೊಡ್ಡ ಖರ್ಚು ಉಕ್ಕಿನ ಅಚ್ಚಿನದ್ದು. ಪ್ಲಾಸ್ಟಿಕ್ಕಿಗೂ ಬಣ್ಣಕ್ಕೂ ಅದರ ಮುಂದೆ ಕಡಿಮೆ. ಒಮ್ಮೆ ಅಚ್ಚು ಮಾಡಿದ ಮೇಲೆ ತಲೆ ಬದಲಿಸಿ, ಬಣ್ಣ ಬದಲಿಸಿ ಮತ್ತೆ ಮತ್ತೆ ತೆಗೆಯುತ್ತಾರೆ. ಬಾಕ್ಸ್ ಅಗ್ಗಕ್ಕೆ ಬರುವುದೇ ಹೀಗೆ. ಹಾಗಾಗಿ ನಾನು ಮೊದಲು ನೋಡುವುದು ಇದರಲ್ಲಿ ಹೊಸ ಅಚ್ಚು ಎಷ್ಟು ಅಂತ. ನಿನ್ನ ಬಾಕ್ಸಿನಲ್ಲಿ ಎರಡು. ಆ ಹೆಣ್ಣು ಕ್ಯಾಪ್ಟನ್ ಮತ್ತು ಕುಳ್ಳ ರೋಬೋ. ಕ್ಯಾಪ್ಟನ್ ಬಿಡಿಯಾಗಿಯೂ ಸಿಗುತ್ತಾಳೆ. ರೋಬೋ ಈ ಬಾಕ್ಸಿನಲ್ಲಿ ಮಾತ್ರ. ಪುಟ್ಟ ಹಟ ಹಿಡಿದಿರುವುದು ಅದಕ್ಕೇ, ಅಲ್ವಾ?

ಉಳಿದ ಮೂರು ಒಂದೇ ತರಹದ ಸಿಪಾಯಿಗಳು. ಒಂದೇ ಗೊಂಬೆ ಮೂರು ಯಾಕೆ ಅಂತ ನಿನಗೆ ಅನಿಸಬಹುದು. ಅದು ದಂಡ ಅಲ್ಲ. ಹೀರೋ ಒಬ್ಬನೇ ಸಾಕು, ಆದರೆ ಸಿಪಾಯಿ ಒಬ್ಬನೇ ನಿಂತರೆ ಅದು ಸೈನ್ಯ ಆಗುವುದಿಲ್ಲ. ನಿಮ್ಮ ಮುಲುಂಡ್ ಮನೆಯ ಕಿಟಕಿ ಕಟ್ಟೆಯ ಮೇಲೆ ಅವನು ಸಾಲು ನಿಲ್ಲಿಸಿದ್ದನ್ನು ನಾನು ನೋಡಿದ್ದೇನೆ. ಸಿಪಾಯಿಗಳು ಕಡಿಮೆ ಬಿದ್ದು ಇರೇಸರ್ ನಿಲ್ಲಿಸಿದ್ದ.

ಇಲ್ಲೊಂದು ಹಳೆಯ ವಿಷಯ ಹೇಳಬೇಕು, ಪುಟ್ಟನಿಗೆ ಇಷ್ಟವಾಗುತ್ತದೆ. 1977ರಲ್ಲಿ ಸ್ಟಾರ್ ವಾರ್ಸ್ ಸಿನಿಮಾ ಬಂದಾಗ ಅಮೆರಿಕದ ಕೆನ್ನರ್ ಆಟಿಕೆ ಕಂಪನಿಯ ಹತ್ತಿರ ಕ್ರಿಸ್‌ಮಸ್‌ಗೆ ಮಾರಲು ಗೊಂಬೆಯೇ ತಯಾರಿರಲಿಲ್ಲ. ಮಾಡಿದ್ದೇನು ಗೊತ್ತಾ? ಒಳಗೆ ಗೊಂಬೆ ಇಲ್ಲದ ರಟ್ಟಿನ ಲಕೋಟೆ ಮಾರಿದರು. ಅದರಲ್ಲಿದ್ದ ಚೀಟಿ ಪೋಸ್ಟ್ ಮಾಡಿದರೆ 1978ರಲ್ಲಿ ನಾಲ್ಕು ಗೊಂಬೆ ಮನೆಗೆ ಬರುತ್ತವೆ ಅಂತ. ಬಂದವು ಕೂಡ. ಒಬ್ಬ ಹುಡುಗ, ಒಬ್ಬಳು ರಾಜಕುಮಾರಿ, ಒಂದು ಕುಳ್ಳ ರೋಬೋ, ಮೈತುಂಬ ಕೂದಲಿನ ಒಂದು ಎತ್ತರದ ಜೀವಿ. ನಾಲ್ಕಕ್ಕೆ ನಾಲ್ಕೂ ಬೇರೆ ಬೇರೆ ಅಚ್ಚು. ಒಳ್ಳೆಯ ಸೆಟ್ ಅಂದರೆ ನನಗೆ ಇವತ್ತಿಗೂ ಅದೇ ಅಳತೆ. ಆ ಗೊಂಬೆಗಳ ಎತ್ತರ 3.75 ಇಂಚಿನ ಲೆಕ್ಕದಲ್ಲಿತ್ತು, ಅವುಗಳ ಜೊತೆ ಮಾರುವ ವಿಮಾನಗಳು ಮನೆಯೊಳಗೆ ಹಿಡಿಸುವಷ್ಟು ಚಿಕ್ಕದಿರಬೇಕಿತ್ತಲ್ಲ. ಪುಟ್ಟನ ಹತ್ತಿರ ಇರುವವು ಆರು ಇಂಚಿನವು. ಬಾಕ್ಸಿನ ಮೇಲೂ ಆರು ಇಂಚು ಅಂತಲೇ ಇದೆಯಾ, ದಯವಿಟ್ಟು ನೋಡು. ಅಳತೆ ಬೇರೆಯಾದರೆ ಎಷ್ಟು ಅಗ್ಗಕ್ಕೆ ಸಿಕ್ಕರೂ ಬೇಡ. ಪಕ್ಕದಲ್ಲಿ ನಿಲ್ಲಿಸಿದರೆ ಅಪ್ಪ ಮಗನ ತರಹ ಕಾಣುತ್ತವೆ.

ಇನ್ನು ಕೀಲುಗಳು. ಇದರಲ್ಲಿ ನಾನು ದುಡ್ಡು ಕಳೆದುಕೊಂಡಿದ್ದೇನೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ನಾಲ್ಕು ವರ್ಷದ ಹಿಂದೆ ಆನ್‌ಲೈನ್‌ನಲ್ಲಿ ಒಬ್ಬರ ಹತ್ತಿರ ನಾಲ್ಕರ ಬಾಕ್ಸ್ ತರಿಸಿದೆ. ಮುಖ ಅದೇ, ಬಣ್ಣ ಅದೇ. ಕೈಗೆ ತಗೊಂಡಾಗಲೇ ಗೊತ್ತಾಯಿತು. ಬಿಡಿ ಗೊಂಬೆಗೆ ಬೆನ್ನ ಮೇಲೆ ನಿಜವಾದ ಬಟ್ಟೆಯ ನಿಲುವಂಗಿ ಇತ್ತು, ಇದಕ್ಕೆ ಗಟ್ಟಿ ಪ್ಲಾಸ್ಟಿಕ್. ಅದರಲ್ಲಿ ಪಿಸ್ತೂಲು ಸೊಂಟದ ಚೀಲದಿಂದ ಹೊರಗೆ ಬರುತ್ತಿತ್ತು, ಇದರಲ್ಲಿ ಚೀಲದ ಜೊತೆಗೇ ಅಚ್ಚು ಹೊಯ್ದು ಮುಚ್ಚಿದ್ದರು. ಎಲ್ಲಕ್ಕಿಂತ ಕೆಟ್ಟದ್ದು ಪಾದ. ಹರಡಿನ ಹತ್ತಿರ ಕೀಲೇ ಇಲ್ಲ, ಕಾಲು ಕೋಲಿನ ಹಾಗೆ. ಎಷ್ಟು ಸಲ ನಿಲ್ಲಿಸಿದರೂ ಫ್ಯಾನ್ ಗಾಳಿಗೆ ಮುಗ್ಗರಿಸುತ್ತಿತ್ತು. ವಾಪಸ್ ಕೇಳಿದರೆ 'ಫೋಟೊದಲ್ಲಿ ಇದ್ದಂತೆಯೇ ಇದೆ' ಅಂದರು. ನಾಲ್ಕೂ ಕಪಾಟಿನ ಕೆಳಗಿನ ಖಾನೆಯಲ್ಲಿ ಮಲಗಿವೆ. ಅದಕ್ಕೇ ಬಾಕ್ಸಿನ ಹಿಂಬದಿಯ ಫೋಟೊ ಬೇಕು. ಮೊಣಕಾಲು ಮಡಿಸಿ ಕೂತಿರುವ ಚಿತ್ರ ಒಂದಾದರೂ ಇದ್ದರೆ ನೆಮ್ಮದಿ. ಆರೂ ನೆಟ್ಟಗೆ ನಿಂತಿದ್ದರೆ ಅನುಮಾನಪಡು.

ಕೀಲು ಅಂದಾಗ ನೆನಪಾಯಿತು. ಅಪ್ಪ ದಾದರ್‌ನಿಂದ ತಂದುಕೊಟ್ಟಿದ್ದ ಜಿ.ಐ. ಜೋ ಸಿಪಾಯಿ ಗೊಂಬೆ ನಿನಗೆ ನೆನಪಿದೆಯಾ? ಸೊಂಟದೊಳಗಿನ ರಬ್ಬರ್ ರಿಂಗ್ ತುಂಡಾಗಿ ಮೇಲಿನ ಅರ್ಧ ಬೇರೆ, ಕಾಲುಗಳು ಬೇರೆ ಆಗಿದ್ದವು. ನಾನು ಅಳುತ್ತಿದ್ದೆ. ನೀನು ನಲ್ಲಿ ರಿಪೇರಿಯವನ ಹತ್ತಿರ ಒಂದು ಸಣ್ಣ ರಿಂಗ್ ಕೇಳಿ ತಂದೆ. ಬೆನ್ನಿನ ಸ್ಕ್ರೂ ಬಿಚ್ಚಿ, ಕಾಲಿನ ಕೊಕ್ಕೆಗೆ ರಿಂಗ್ ಸಿಕ್ಕಿಸಿ, ಮತ್ತೆ ಎದೆ ಮುಚ್ಚಿದೆವು. ಅದು ಫನ್‌ಸ್ಕೂಲ್ ಆಟಿಕೆ ಕಂಪನಿಯವರು ಇಲ್ಲೇ ಭಾರತದಲ್ಲಿ ಮಾಡಿದ್ದು. ಅಮೆರಿಕದ ಅಚ್ಚಿಗೆ ನಮ್ಮ ಕಡೆ ಬೇರೆ ಬಣ್ಣ ಹಾಕಿದ್ದರಿಂದ ಹೊರದೇಶದ ಸಂಗ್ರಾಹಕರು ಈಗ ಅವನ್ನು ಹುಡುಕಿ ಹುಡುಕಿ ತಗೊಳ್ಳುತ್ತಾರೆ. ನನ್ನ ಹತ್ತಿರ ಇನ್ನೂ ಇದೆ ಅಕ್ಕ. ಕೊಡುವ ಮಾತೇ ಇಲ್ಲ.

ಭಾವ, ನಿಮ್ಮ ಮಾತಿಗೆ ಬರುತ್ತೇನೆ. ಕ್ರಾಫರ್ಡ್ ಮಾರ್ಕೆಟ್‌ನಲ್ಲಿ ಒಳ್ಳೆಯ ಅಂಗಡಿಗಳಿವೆ, ನಾನೂ ಹೋಗುತ್ತೇನೆ. ಆದರೆ ಡಜನ್ ಲೆಕ್ಕದ ಆ ನಕಲಿಗಳು ಬೇಡ. 1 ಜನವರಿ 2021ರಿಂದ ಮಕ್ಕಳ ಆಟಿಕೆಗೆ ಐಎಸ್ಐ ಗುರುತು ಕಡ್ಡಾಯ, ಆ ರಾಶಿಯಲ್ಲಿ ಅದು ಇರುತ್ತದಾ ನೋಡಿ. ನನ್ನ ಕೈಗೆ ಬಂದವಕ್ಕೆ ಭುಜ ಸಡಿಲ, ಘಾಟು ವಾಸನೆ ಬೇರೆ. ಅಸಲಿ ಗೊಂಬೆಗೆ ಯಾಕೆ ಇಷ್ಟು ಬೆಲೆ ಅಂದರೆ ಹೊರಗಿನಿಂದ ಬರುವ ಆಟಿಕೆಯ ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ ಹೋಯಿತು, 2023ರಲ್ಲಿ 70 ಆಯಿತು. ಅಮೆರಿಕದ ಬೆಲೆ ನೋಡಿ ರೂಪಾಯಿಗೆ ಗುಣಿಸಿದರೆ ಸುಮ್ನೆ ಹೊಟ್ಟೆ ಉರಿಯುತ್ತದೆ.

ಈಗ ನನ್ನ ಸಲಹೆ. ಚಿಕ್ಕಮ್ಮನ ಮೊಮ್ಮಗನ ಹತ್ತಿರ ಆ ಹೀರೋ ಇಲ್ಲ. ಹೋದ ಸಲ ಬಂದಾಗ ಪುಟ್ಟನದ್ದನ್ನು ಕೈಯಿಂದ ಬಿಡಲೇ ಇಲ್ಲ ಅವನು. ಹೀರೋ ಮತ್ತು ಒಬ್ಬ ಸಿಪಾಯಿ ಅವನಿಗಿರಲಿ, 2,300 ಚಿಕ್ಕಮ್ಮ ಕೊಡಲಿ. ಅವರಿಗೂ ಬಿಡಿ ಬೆಲೆಗಿಂತ ಏಳುನೂರು ಕಡಿಮೆಯೇ ಬಿತ್ತು. ನಿನಗೆ ಬರುವುದು ನಾಲ್ಕು ಗೊಂಬೆ, 4,699 ರೂಪಾಯಿಗೆ. ಕ್ಯಾಪ್ಟನ್ ಮತ್ತು ಇಬ್ಬರು ಸಿಪಾಯಿಗಳನ್ನು ಬಿಡಿಯಾಗಿ ತಗೊಂಡಿದ್ದರೆ 4,497. ಅಂದರೆ ರೋಬೋ 202 ರೂಪಾಯಿಗೆ ಬಿದ್ದ ಹಾಗೆ. ಆಗ ಈ ಬಾಕ್ಸ್ ನಿಜವಾಗಿ ಅಗ್ಗ. ಚಿಕ್ಕಮ್ಮ ಒಲ್ಲೆ ಅಂದರೆ ಒಬ್ಬಳೇ 6,999 ಕೊಡಬೇಡ, ಬೆಲೆ ಇಳಿಯುವವರೆಗೆ ಕಾಯಿ.

ಪುಟ್ಟ, ಒಂದು ಮಾತು ನಿನಗೆ. ಬಂದ ಮೇಲೆ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಇಡಬೇಡ. ಈ ಮಳೆಗಾಲದ ಸೆಖೆಗೆ ಮೆತ್ತನೆ ಭಾಗಗಳು ಅಂಟಂಟಾಗುತ್ತವೆ. ಗಾಳಿ ಆಡಲಿ, ಆದರೆ ನೇರ ಬಿಸಿಲಿನ ಕಿಟಕಿಯಲ್ಲೂ ಬೇಡ, ಬಿಳಿ ಸಿಪಾಯಿಗಳು ಹಳದಿಯಾಗುತ್ತಾರೆ. ಯಾವುದಾದರೂ ಕೀಲು ಬಿಗಿಯಾಗಿದ್ದರೆ ತಿರುಚಬೇಡ, ಅಮ್ಮನಿಗೆ ಹೇಳಿ ಬಿಸಿ ನೀರಿನಲ್ಲಿ ಅರ್ಧ ನಿಮಿಷ ಅದ್ದಿಸು, ಆಮೇಲೆ ಮೆಲ್ಲಗೆ ಆಡಿಸು.

ಚೌತಿಗೆ ಎಲ್ಲರೂ ಚಿಕ್ಕಮ್ಮನ ಮನೆಯಲ್ಲಿ ಸೇರುತ್ತೇವಲ್ಲ, ಬಾಕ್ಸ್ ಅಲ್ಲೇ ಒಡೆಯೋಣ, ಇಬ್ಬರು ಹುಡುಗರ ಎದುರಿಗೇ. ಅಕ್ಕ, ಇವತ್ತು ರಾತ್ರಿಯೇ ಆ ಹಿಂಬದಿಯ ಫೋಟೊ ಕಳಿಸು, ಪಾದದ ಹತ್ತಿರ ಫೋಕಸ್ ಮಾಡಿ. ಡೊಂಬಿವಲಿ ಬಂತು, ಇಳಿಯುತ್ತೇನೆ.